ಮಳೆ ಬಿದ್ದ ಮೇಲೆ ಸ್ಟಾರ್ಟ್ ಆಗದ ಬ್ರಷ್ ಕಟರ್

ಬೆಂಗಳೂರಿನಲ್ಲಿ ಜೂನ್ ತಿಂಗಳ ನಾಲ್ಕು ಮಳೆ ಬಿದ್ದರೆ ಸಾಕು, ಖಾಲಿ ಸೈಟುಗಳಲ್ಲಿ, ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ. ಡಿಸೆಂಬರಿನಿಂದ ಮೂಲೆ ಹಿಡಿದಿದ್ದ ಬ್ರಷ್ ಕಟರ್ ಆಗ ಹೊರಗೆ ಬರುತ್ತದೆ. ಹಗ್ಗ ಎಳೆದು ಎಳೆದು ರಟ್ಟೆ ಬಿದ್ದುಹೋದರೂ ಎಂಜಿನ್ ಹಿಡಿಯುವುದಿಲ್ಲ. ಹೀಗೆ ಸುಮ್ಮನೆ ನಿಂತು ಕೆಟ್ಟ ಮೆಷಿನ್‌ಗೆ ಬೋರ್, ಪಿಸ್ಟನ್ ಎಂದು ದುಡ್ಡು ಸುರಿಯಬೇಕಾಗಿ ಬರುವುದು ಅಪರೂಪ. ತಪ್ಪು ಬಹುಮಟ್ಟಿಗೆ ಟ್ಯಾಂಕಿನಲ್ಲಿ ಉಳಿದ ಹಳೇ ಪೆಟ್ರೋಲಿನದು.

ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಇ20. 2023ರ ಫೆಬ್ರವರಿಯಲ್ಲಿ ಇದರ ಬಿಡುಗಡೆ ಆಗಿದ್ದು ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಹೆಚ್ಚಾದರೆ ನೀರೂ ಎಥನಾಲೂ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಕೂತಿರುವುದೂ ಅದೇ ತಳದಲ್ಲಿ. ಇತ್ತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಆಯಿಲ್ ಜೊತೆ ಅಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸಣ್ಣ ತೂತುಗಳಾದ ಜೆಟ್‌ಗಳನ್ನು ಮುಚ್ಚುತ್ತದೆ.

ಮೊದಲ ಕೆಲಸ, ಹಳೆಯದನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡುವುದು. ತಳದಲ್ಲಿ ಬೇರೆ ಪದರ ಕಂಡರೆ, ಬಣ್ಣ ಕಂದಿದ್ದರೆ, ವಾರ್ನಿಷ್ ವಾಸನೆ ಬಂದರೆ ಅದನ್ನು ಮತ್ತೆ ಬಳಸಬೇಡಿ. ಚರಂಡಿಗೂ ಸುರಿಯಬೇಡಿ. ಎಲ್ಲವನ್ನೂ ಬಯಲಲ್ಲಿ, ಎಂಜಿನ್ ತಣ್ಣಗಿರುವಾಗ ಮಾಡಿ. ಹತ್ತಿರ ಬೀಡಿ, ದೀಪ ಬೇಡ.

ಹೊಸ ಪೆಟ್ರೋಲ್ ಹಾಕುವ ಮುನ್ನ ಎಂಜಿನ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಕೆಳಗಡೆ ಆಯಿಲ್ ತುಂಬುವ ಬೇರೆ ಮುಚ್ಚಳ ಇದ್ದರೆ ಅದು ಫೋರ್ ಸ್ಟ್ರೋಕ್: ಟ್ಯಾಂಕಿಗೆ ಬರೀ ಪೆಟ್ರೋಲ್, ಎಂಜಿನ್‌ಗೆ ಬೇರೆ ಆಯಿಲ್. 35 ಸಿಸಿ ಎಂಜಿನ್ ಹಿಡಿಸುವುದು ಸುಮಾರು 100 ಎಂಎಲ್ ಮಾತ್ರ. ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೇ ಟೂ-ಟಿ ಆಯಿಲ್ ಬೆರೆಸಬೇಕು. 50:1 ಎಂದು ಬರೆದಿದ್ದರೆ ಲೀಟರಿಗೆ 20 ಎಂಎಲ್, 25:1 ಆದರೆ 40 ಎಂಎಲ್. ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ, ಮೆಡಿಕಲ್ ಶಾಪಿನ ಸಿರಿಂಜ್ ತನ್ನಿ. ಬೆರೆಸುವುದು ಕ್ಯಾನಿನಲ್ಲಿ, ಟ್ಯಾಂಕಿನಲ್ಲಲ್ಲ. ಟೂ ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಜಾಮ್. ನಿಜವಾಗಿ ಎಂಜಿನ್ ಹೋಗುವುದು ಹೀಗೆ.

ಈಗ ಪ್ಲಗ್ ಬಿಚ್ಚಿ. ಅಷ್ಟು ಹಗ್ಗ ಎಳೆದ ಮೇಲೂ ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಒಂದೋ ಓವರ್‌ಫ್ಲೋ, ಇಲ್ಲವೇ ಕಿಡಿ ಇಲ್ಲ. ಓವರ್‌ಫ್ಲೋ ಆಗಿದ್ದರೆ ಚೋಕ್ ತೆಗೆದು, ಪ್ಲಗ್ ಇಲ್ಲದೆ ಏಳೆಂಟು ಸಲ ಹಗ್ಗ ಎಳೆದು ಒಣಗಿಸಿ. ಕಿಡಿ ನೋಡಲು ಪ್ಲಗ್ಗಿಗೆ ಕ್ಯಾಪ್ ಹಾಕಿ, ಅದರ ಲೋಹದ ಭಾಗವನ್ನು ಸಿಲಿಂಡರ್ ರೆಕ್ಕೆಗೆ ತಾಗಿಸಿ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಬರುವ ಆವಿಗೆ ಬೆಂಕಿ ಹತ್ತಬಹುದು. ನೀಲಿ ಕಿಡಿ ಚಟ್ ಎನ್ನಬೇಕು. ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಆಗಲೂ ಬರದಿದ್ದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸುವ ಮುಂಚೆ ಆಫ್ ಸ್ವಿಚ್‌ನ ವೈರ್ ಬಿಡಿಸಿ ಪರೀಕ್ಷಿಸಿ. ಹ್ಯಾಂಡಲ್ ಬಳಿ ಆ ವೈರ್ ಸವೆದು ಪೈಪಿಗೆ ತಾಗಿ ಕಿಡಿ ಸಾಯಿಸುತ್ತಿರುವುದು ಬಹಳ ಸಾಮಾನ್ಯ. ಕಾಯಿಲ್ ಮತ್ತು ಫ್ಲೈವೀಲ್ ನಡುವಿನ ಅಂತರ ಸುಮಾರು 0.3 ಮಿ.ಮೀ.; ಒಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ ಬೋಲ್ಟ್ ಬಿಗಿದರೆ ಸರಿಹೋಗುತ್ತದೆ.

ಕಿಡಿ ಇದೆಯೇ? ಹಾಗಾದರೆ ಅರ್ಧ ಟೀ ಚಮಚ ಮಿಶ್ರ ಪೆಟ್ರೋಲನ್ನು ಪ್ಲಗ್ ತೂತಿಗೆ ಹಾಕಿ, ಪ್ಲಗ್ ಬಿಗಿದು ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ನಿಂತರೆ ಕಿಡಿಯೂ ಕಂಪ್ರೆಶನ್ನೂ ಸರಿಯಿವೆ. ಇನ್ನು ಹುಡುಕಬೇಕಾದ್ದು ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ಗೇಣುದ್ದದ ದಾರಿಯಲ್ಲಿ ಮಾತ್ರ.

ಪೆಟ್ರೋಲ್ ಮೇಲೆಳೆಯುವ ಮೆತ್ತನೆ ಗುಂಡಿ, ಅಂದರೆ ಪ್ರೈಮರ್ ಬಲ್ಬ್ ಒತ್ತಿ. ಗುಳ್ಳೆ ಬರುತ್ತಲೇ ಇದ್ದರೆ ಪೈಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕಿನೊಳಕ್ಕೆ ಹೋಗುವ ಜಾಗದಲ್ಲಿ ಬಿರುಕು ನೋಡಿ. ಒತ್ತಿದ ಬಲ್ಬ್ ಮೇಲೇಳದಿದ್ದರೆ ಫಿಲ್ಟರ್ ಕಟ್ಟಿದೆ. ವೈರ್ ಕೊಕ್ಕೆಯಿಂದ ಅದನ್ನು ಹೊರಗೆಳೆದು ಬದಲಿಸಿ.

ಕಾರ್ಬೊರೇಟರ್ ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಒಂದು ಸ್ಕ್ರೂ ಇರುವ ಮಗ್ಗುಲು ಪಂಪಿನದು, ಅಲ್ಲೊಂದು ಸಣ್ಣ ಜಾಲರಿ ಇರುತ್ತದೆ. ನಾಲ್ಕು ಸ್ಕ್ರೂ ಇರುವ ಮಗ್ಗುಲಲ್ಲಿ ಮೀಟರಿಂಗ್ ಡಯಾಫ್ರಾಮ್, ಅಂದರೆ ಪೆಟ್ರೋಲ್ ಅಳೆದು ಬಿಡುವ ತೆಳು ಪರದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ. ಹೊಸದಾದರೆ ಸದ್ದೇ ಇಲ್ಲದೆ ಜೋತು ಬೀಳುತ್ತದೆ. ಕೆಟ್ಟದ್ದು ಒಣಗಿದ ಬಾಳೆ ಎಲೆಯಂತೆ ಗರಗರ ಎನ್ನುತ್ತದೆ. ಗರಗರ ಎಂದರೆ ಕ್ಲೀನರ್ ಎಷ್ಟು ಹೊಡೆದರೂ ವ್ಯರ್ಥ, ಡಯಾಫ್ರಾಮ್, ಗ್ಯಾಸ್ಕೆಟ್ ಇರುವ ಹೊಸ ಕಿಟ್ಟೇ ಬೇಕು. ಕಿಟ್ ಕೊಳ್ಳುವಾಗ ಮೆಷಿನ್ ಹೆಸರಿಗಿಂತ ಕಾರ್ಬೊರೇಟರ್ ಮೇಲೆ ಕೊರೆದಿರುವ ನಂಬರ್ ಮುಖ್ಯ. ಪ್ಲಗ್, ಪೈಪ್ ತರಲು ಜೆ.ಸಿ. ರಸ್ತೆಗೆ ಹೋಗುವವರು ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಮೀಟರಿಂಗ್ ಡಯಾಫ್ರಾಮ್ ಅಡಿಯ ಪುಟ್ಟ ಲಿವರಿನ ಕೆಳಗಿನ ಸ್ಪ್ರಿಂಗ್ ಎಳ್ಳಿನಷ್ಟೇ ಹಗುರ, ಹಾರಿದರೆ ಸಿಗದು. ಬಿಳಿ ಬಟ್ಟೆ ಹಾಸಿಕೊಂಡು ಕೂರಿ. ರಬ್ಬರ್ ಭಾಗಗಳನ್ನೆಲ್ಲ ತೆಗೆದಿಟ್ಟ ಮೇಲೆ ತೂತುಗಳಿಗೆ ಕಾರ್ಬ್ ಕ್ಲೀನರ್ ಹೊಡೆಯಿರಿ. ಜೆಟ್ ಹಿತ್ತಾಳೆಯದು, ಹೊಲಿಗೆ ಸೂಜಿ ತೂರಿಸಿದರೆ ತೂತು ದೊಡ್ಡದಾಗಿ ಮುಂದೆ ಎಂದೂ ಟ್ಯೂನ್ ಆಗದು. ಜೋಡಿಸುವಾಗ ಸಾಮಾನ್ಯವಾಗಿ ಮೀಟರಿಂಗ್ ಕಡೆ ಬಾಡಿಗೆ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಾಮ್; ಪಂಪ್ ಕಡೆ ಅದು ತಿರುವುಮುರುವು. ಹೆಚ್ಚಿನವರು ಎಡವುವುದು ಇಲ್ಲೇ.

ಪೆಟ್ರೋಲ್ ಪ್ರಮಾಣ ಹೊಂದಿಸುವ ಎಚ್ (ಹೆಚ್ಚು ವೇಗಕ್ಕೆ) ಮತ್ತು ಎಲ್ (ಕಡಿಮೆ ವೇಗಕ್ಕೆ) ಸ್ಕ್ರೂಗಳನ್ನು ಬಿಚ್ಚುವ ಮುನ್ನ, ಮೆಲ್ಲಗೆ ಕೊನೆವರೆಗೆ ಬಿಗಿಯುತ್ತಾ ಎಷ್ಟು ಸುತ್ತು ಬಂತೆಂದು ಬರೆದಿಟ್ಟುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತುಸು ತೆಳು, ಹಾಗಾಗಿ ಕರಾವಳಿಯಲ್ಲಿ ಟ್ಯೂನ್ ಆದ ಮೆಷಿನ್ ಇಲ್ಲಿ ಕೊಂಚ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಹಾಗೆಂದು ಎಚ್ ಸ್ಕ್ರೂ ಬಿಗಿದು ಕೀರಲು ಸದ್ದು ಬರಿಸಬೇಡಿ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಯಿತೆಂದೇ ಲೆಕ್ಕ.

ಸ್ಟಾರ್ಟ್ ಆಗಿ, ರೇಸ್ ಕೊಟ್ಟ ಕೂಡಲೇ ಸೊರಗಿದರೆ ಸೈಲೆನ್ಸರ್ ಜಾಲರಿಯಲ್ಲಿ ಕಟ್ಟಿದ ಕಾರ್ಬನ್ ಅನ್ನು ವೈರ್ ಬ್ರಷ್‌ನಿಂದ ಉಜ್ಜಿ. ಸೈಲೆನ್ಸರ್ ತೆಗೆದಾಗ ಆ ಕಿಂಡಿಯಲ್ಲಿ ಪಿಸ್ಟನ್ ಕಾಣುತ್ತದೆ. ಉದ್ದುದ್ದ ಗೀರು ಇದ್ದರೆ ಮಾತ್ರ ಬೋರ್ ಕೆಲಸದ ಮಾತು. ಹತ್ತು ನಿಮಿಷ ಓಡಿ ನಿಂತು, ಟ್ಯಾಂಕ್ ಮುಚ್ಚಳ ಸಡಿಲಿಸಿದರೆ ಮತ್ತೆ ಓಡುವಂತಿದ್ದರೆ ಟ್ಯಾಂಕಿಗೆ ಗಾಳಿ ಬಿಡುವ ತೂತು ಮುಚ್ಚಿದೆ. ಸೈಟುಗಳ ಧೂಳಲ್ಲಿ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಸ್ಪಾಂಜಿನದಾದರೆ ಸೋಪಿನ ನೀರಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ, ಕೆಲವು ಹನಿ ಆಯಿಲ್ ಹಚ್ಚಿ.

ಹುಲ್ಲು ನಿಂತ ಮೇಲೆ, ಡಿಸೆಂಬರಿನಲ್ಲಿ, ಟ್ಯಾಂಕ್ ಖಾಲಿ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಚೋಕ್ ಹಾಕಿ ಇನ್ನೊಮ್ಮೆ ಓಡಿಸಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದೂ ಸುಟ್ಟುಹೋಗಲಿ. ಪ್ಲಗ್ ತೂತಿಗೆ ಒಂದು ಟೀ ಚಮಚ ಟೂ-ಟಿ ಆಯಿಲ್ ಬಿಟ್ಟು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ಬಿಗಿದು, ಹಗ್ಗ ಬಿಗಿಯಾಗಿ ತಡೆಯುವ ಜಾಗದಲ್ಲಿ ಬಿಟ್ಟುಬಿಡಿ. ಅಲ್ಲಿ ಟೂ ಸ್ಟ್ರೋಕ್ ಸಿಲಿಂಡರಿನ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿರುತ್ತದೆ, ತೇವ ಒಳಗೆ ಇಳಿಯುವುದಿಲ್ಲ.