ಆಕ್ಸಿಜನ್ ಸೆನ್ಸರ್: ಕಳಚುವುದೇ ದೊಡ್ಡ ಕೆಲಸ

ಕರಾವಳಿಯಲ್ಲಿ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಪರಿಚಯ ಮಾಡಿಕೊಡಬೇಕಿಲ್ಲ. ಉಪ್ಪುಗಾಳಿ, ಮಳೆಗಾಲದ ತೇವ, ಅದರ ಮೇಲೆ ಹೊಗೆ ಕೊಳವೆಯ ಕಾವು. ಈ ಮೂರೂ ಸೇರುವ ಜಾಗದಲ್ಲೇ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಂದಿಗೆ ಹೋಲಿಸಿ ಎಂಜಿನ್ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ, ಅದನ್ನು ನೋಡಿಯೇ ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುತ್ತದೆ. ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ದೀಪ ಹೊತ್ತಿದಾಗ ಸ್ಕ್ಯಾನರ್ ತೋರಿಸಿದ ಕೋಡ್ ಪಿ0135. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು ಬರುವ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂದು ಅದರರ್ಥ.

ಸರ್ಕ್ಯೂಟಿನಲ್ಲಿ ದೋಷ ಎಂದರೆ ಸೆನ್ಸರೇ ಕೆಟ್ಟಿದೆ ಎಂದಲ್ಲ. ಕೋಡ್ ಕಂಡ ಕೂಡಲೇ ಬಿಡಿಭಾಗದ ಅಂಗಡಿಗೆ ಓಡುವವರೇ ಹೆಚ್ಚು. ನಾನು ಮೊದಲು ಫ್ಯೂಸ್ ನೋಡಿದೆ, ಸರಿಯಿತ್ತು. ವೈರಿಂಗಿನ ಕಡೆಯಿಂದ ಬ್ಯಾಟರಿಯ ವೋಲ್ಟೇಜ್ ಬರುತ್ತಿತ್ತು. ಪ್ಲಗ್ ಬಿಚ್ಚಿ, ಸೆನ್ಸರಿನಿಂದ ಬರುವ ಒಂದೇ ಬಣ್ಣದ ಎರಡು ಹೀಟರ್ ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟೆ. ಹೀಟರ್ ಜೀವಂತವಿದ್ದರೆ ಕೆಲವು ಓಮ್ ತೋರಿಸಬೇಕು. ಮೀಟರ್ ಏನನ್ನೂ ತೋರಿಸಲಿಲ್ಲ. ಒಳಗಿನ ಎಳೆ ಕಡಿದುಹೋಗಿತ್ತು.

ಈ ಹೀಟರ್ ಅಲಂಕಾರಕ್ಕಿಟ್ಟದ್ದಲ್ಲ. ಸೆನ್ಸರಿನ ತುದಿಯಲ್ಲಿರುವ ಜಿರ್ಕೋನಿಯಾ ಪಿಂಗಾಣಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ನಂಬುವಂಥ ಸಂಕೇತ ಕೊಡುವುದಿಲ್ಲ. ಅಲ್ಲಿಯವರೆಗೆ ಎಂಜಿನ್ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ.

ಸೆನ್ಸರ್ ಕಳಚುವ ಹಿಂದಿನ ರಾತ್ರಿಯೇ, ಕೊಳವೆ ಪೂರ್ತಿ ತಣ್ಣಗಿದ್ದಾಗ, ತುಕ್ಕು ಸಡಿಲಿಸುವ ಎಣ್ಣೆಯನ್ನು ಸೆನ್ಸರಿನ ಬುಡಕ್ಕೆ ಸಿಂಪಡಿಸಿದ್ದೆ. ಬಿಸಿ ಕೊಳವೆಗೆ ಅದನ್ನು ಹೊಡೆದರೆ ಬೆಂಕಿ ಹತ್ತಬಹುದು. ಬೆಳಿಗ್ಗೆ ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಕಾವಿಗೆ ಥ್ರೆಡ್ ಸಡಿಲವಾಗಲೆಂದು ಎಂಜಿನನ್ನು ತುಸು ಹೊತ್ತು ಓಡಿಸಿದೆ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಲೇಬಾರದು, ಕಾರ್ಬನ್ ಮಾನಾಕ್ಸೈಡ್ ವಾಸನೆ ಕೊಟ್ಟು ಬರುವುದಿಲ್ಲ. ಕೊಳವೆ ಉಗುರುಬೆಚ್ಚಗಾಗುವವರೆಗೆ ಕಾದು, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಕಾರನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತಂತಿ ಹೊರಬರಲು ಸೀಳಿರುವ 22 ಮಿಲಿಮೀಟರ್ ಸಾಕೆಟ್, ಉದ್ದ ಹಿಡಿಕೆ, ಕೈಗವಸು, ಕನ್ನಡಕ. ಎಳೆದೆಳೆದು ಜಗ್ಗದೆ ಒಂದೇ ಸಮನೆ ಬಲ ಹಾಕಿದೆ. ಮಿಸುಕಲಿಲ್ಲ. ಕೂದಲೆಳೆಯಷ್ಟು ಬಿಗಿದು ಮತ್ತೆ ಸಡಿಲಿಸಿದಾಗ ಕಿರ್ರೆಂದು ಹೊರಳಿತು. ಹಾಗೂ ಬಾರದಿದ್ದರೆ ಹಳೆಯ ಸೆನ್ಸರಿನ ತಂತಿಯನ್ನೇ ಕತ್ತರಿಸಿ ರಿಂಗ್ ಸ್ಪ್ಯಾನರ್ ಹಾಕಬಹುದು, ಹೇಗೂ ಎಸೆಯುವ ವಸ್ತು. ಹಳೆಯದನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕು ಎಂಬ ಸಲಹೆ ಸಾಕಷ್ಟು ಸಿಗುತ್ತದೆ. ಕಡಿದ ಹೀಟರ್ ಎಳೆಯನ್ನು ಯಾವ ಪೆಟ್ರೋಲ್ ಜೋಡಿಸುತ್ತದೆ?

ಹೊಸ ಸೆನ್ಸರಿನ ತುದಿಯ ಮುಚ್ಚಳವನ್ನು ಕೊನೆಯ ಗಳಿಗೆಯವರೆಗೆ ತೆಗೆಯಲಿಲ್ಲ. ಹಿಡಿಯಬೇಕಾದದ್ದು ಷಟ್ಕೋನದ ಭಾಗವನ್ನು. ತುದಿಗೆ ಎಣ್ಣೆ, ಗ್ರೀಸ್ ತಾಗಬಾರದು. ಕೈತಪ್ಪಿ ನೆಲಕ್ಕೆ ಬಿದ್ದರೆ ಹೊರಗೆ ಏನೂ ಕಾಣದಿದ್ದರೂ ಒಳಗಿನ ಪಿಂಗಾಣಿ ಬಿರಿದಿರಬಹುದು, ಅಂಥದ್ದನ್ನು ಬಳಸಬಾರದು. ಥ್ರೆಡ್ಡಿಗೆ ಬೇಕಾದ ಪೇಸ್ಟನ್ನು ಕಂಪನಿಯವರೇ ಹಚ್ಚಿದ್ದರು, ಮೇಲೆ ಇನ್ನಷ್ಟು ಬಳಿಯಲಿಲ್ಲ. ತಂತಿಯ ಪ್ಲಗ್ಗಿನೊಳಗೂ ಕ್ಲೀನರ್ ಸಿಂಪಡಿಸಲಿಲ್ಲ. ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ಬಹಳಷ್ಟು ಸೆನ್ಸರುಗಳು ತಂತಿಯ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಎಂಜಿನ್ ಕೆಲಸಕ್ಕೆ ಬಳಸುವ ಸಾಮಾನ್ಯ ಸಿಲಿಕೋನ್ ಗಮ್ಮಿನ ಆವಿಯೂ ಇದಕ್ಕೆ ವಿಷ.

ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಮುಗಿಸಿದೆ. ತಂತಿ ತಿರುಚದಂತೆ, ಕೊಳವೆಗೆ ತಾಗದಂತೆ ಕ್ಲಿಪ್ಪಿಗೆ ಸಿಕ್ಕಿಸಿದೆ. ಕೋಡ್ ಅಳಿಸಿ ಎಂಜಿನ್ ಬೆಚ್ಚಗಾದ ಮೇಲೆ ಸ್ಕ್ಯಾನರಿನಲ್ಲಿ ನೋಡಿದರೆ ಹೊಸ ಸೆನ್ಸರ್ 0.1 ಮತ್ತು 0.9 ವೋಲ್ಟಿನ ನಡುವೆ ಚುರುಕಾಗಿ ಏರಿಳಿಯುತ್ತಿತ್ತು, ಕನ್ವರ್ಟರಿನ ಆಚೆಗಿರುವ ಎರಡನೆಯ ಸೆನ್ಸರ್ ಹೆಚ್ಚುಕಡಿಮೆ ಸ್ಥಿರವಾಗಿತ್ತು. ಅದೂ ಹೊಸದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರನ್ನೇ ಅನುಮಾನಿಸಬೇಕಿತ್ತು. ಅದರ ಬೆಲೆಯ ಮುಂದೆ ಸೆನ್ಸರಿನದು ಚಿಲ್ಲರೆ.