ಪಂಚಾಯಿತಿಯಿಂದ ಲೆಕ್ಕದ ಕಾಗದ ತರಿಸಿಕೊಳ್ಳುವುದು ಹೇಗೆ

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ಏಕೆ’ ಅಂತ ಬರೆದರೆ ಅರ್ಧ ಸೋತ ಹಾಗೆ. ‘ರಸ್ತೆ ಏಕೆ ಕಿತ್ತುಹೋಗಿದೆ?’, ‘ತಪ್ಪಿತಸ್ಥರ ಮೇಲೆ ಕ್ರಮ ಏಕೆ ಇಲ್ಲ?’ ಇಂಥದ್ದಕ್ಕೆಲ್ಲ ಉತ್ತರ ಹೇಳಲೇಬೇಕು ಅಂತ 2005ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕಚೇರಿಯ ಕಡತದಲ್ಲಿ ಏನಿದೆಯೋ ಅದನ್ನು ಕೊಡಬೇಕು, ಅಷ್ಟೇ ಇರುವುದು. ಹಾಗಾಗಿ ಕಾರಣ ಕೇಳಬೇಡಿ, ಕಾಗದ ಕೇಳಿ.

ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೋಬಳಿಯ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ಎಷ್ಟೋ ಜನಕ್ಕೆ ಈ ಅರ್ಜಿಯ ಶುಲ್ಕಕ್ಕೆ ಅಂತ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಟ್ಟಿದ್ದೇನೆ. ಕೆಲವರು ತಿಂಗಳು ಬಿಟ್ಟು ಬಂದು, ‘ಸಾರ್, ಏನೂ ಬರಲಿಲ್ಲ’ ಅನ್ನೋರು. ಅರ್ಜಿಯ ನಕಲು ತೋರಿಸಿ ಅಂದರೆ ಮೂರು ಪುಟ ಇರುತ್ತಿತ್ತು. ಮೊದಲ ಪುಟದ ತುಂಬ ಸಿಟ್ಟು, ಎರಡನೆಯದರಲ್ಲಿ ಊರಿನ ಇತಿಹಾಸ. ಯಾವ ಕಾಗದ ಬೇಕು ಅನ್ನೋದು ಎಲ್ಲೂ ಇಲ್ಲ. ಈಗ ನಮ್ಮ ಬೀದಿಯ ಸಂಘದವರು ಅರ್ಜಿ ಬರೆಯುವಾಗ ನನ್ನನ್ನು ಕರೆಯುತ್ತಾರೆ. ಅವರಿಗೆ ಹೇಳೋದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಒಂದು ಸಿ.ಸಿ. ರಸ್ತೆ ಇಟ್ಟುಕೊಳ್ಳೋಣ. ಯಾವ ಊರಿಗೆ ಹೋದರೂ ಅದು ಇರುತ್ತದೆ, ಬಿರುಕೂ ಬಿಟ್ಟಿರುತ್ತದೆ.

ಅರ್ಜಿಗೆ ಮೊದಲು

ಕಾಮಗಾರಿಯ ಸರಿಯಾದ ಹೆಸರು ಹುಡುಕಿಕೊಳ್ಳಿ. ನಾವು ‘ನಮ್ಮ ಬೀದಿ ರಸ್ತೆ’ ಅನ್ನುತ್ತೇವೆ. ಕಡತದಲ್ಲಿ ಅದು ‘ಇಂಥವರ ಮನೆಯಿಂದ ಆಂಜನೇಯ ದೇವಸ್ಥಾನದವರೆಗೆ ಸಿ.ಸಿ. ರಸ್ತೆ ನಿರ್ಮಾಣ’ ಅಂತಿರುತ್ತದೆ. ಹಣಕಾಸು ಆಯೋಗದ ದುಡ್ಡಲ್ಲಿ ಆದ ಕೆಲಸವಾದರೆ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಕ್ರಿಯಾ ಯೋಜನೆ, ಖರ್ಚು ಎರಡೂ ಸಿಗುತ್ತವೆ. ಬೀದಿಯ ಯಾವ ಕಾಲೇಜು ಹುಡುಗಿಗೆ ಹೇಳಿದರೂ ಮೊಬೈಲಿನಲ್ಲೇ ತೆಗೆದುಕೊಡುತ್ತಾಳೆ.

ಅಲ್ಲಿ ಇಲ್ಲದಿದ್ದರೆ ಕೆಲಸ ಬೇರೆಯವರದ್ದಿರಬಹುದು. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ಲೋಕೋಪಯೋಗಿ, ಇಲ್ಲವೇ ನಮ್ಮ ಕಡೆ ಇನ್ನೂ ‘ಲ್ಯಾಂಡ್ ಆರ್ಮಿ’ ಅಂತಲೇ ಕರೆಯುವ ಕೆ.ಆರ್.ಐ.ಡಿ.ಎಲ್. ಎಂಬ ಸರ್ಕಾರಿ ಸಂಸ್ಥೆ ಆಗಿರಬಹುದು. ತಪ್ಪು ಕಚೇರಿಗೆ ಅರ್ಜಿ ಹೋದರೆ ಅವರೇ ಐದು ದಿನದೊಳಗೆ ಸರಿಯಾದ ಕಡೆ ವರ್ಗಾಯಿಸಬೇಕು, ಕಲಂ 6(3) ಹೇಳುವುದು ಹಾಗೆ. ಅದನ್ನೇ ನಂಬಿ ಕೂರಬೇಡಿ. ಪಂಚಾಯಿತಿಯ ವಾಟರ್‌ಮ್ಯಾನ್ ಅಥವಾ ಬಿಲ್ ಕಲೆಕ್ಟರನ್ನು ಒಂದು ಮಾತು ಕೇಳಿದರೆ ಕೆಲಸ ಮಾಡಿಸಿದ್ದು ಯಾರು ಅನ್ನೋದು ಗೊತ್ತಾಗುತ್ತದೆ.

ಬರೆಯುವುದು

ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಜನರ ಬಾಯಿ ಕಟ್ಟೋಕೆ ಮಾಡಿದ ನಿಯಮ ಅಂತ ಬಹಳ ಜನ ಬೈಯುತ್ತಾರೆ. ಬೈಯಲಿ, ತಪ್ಪೇನಿಲ್ಲ. ಆದರೆ 150 ಪದ ಧಾರಾಳವಾಗಿ ಸಾಕು. ನಮೂನೆ ‘ಎ’ ಅಂತ ಒಂದು ಫಾರಂ ಇದೆ. ಅದು ಸಿಗದಿದ್ದರೆ ಬಿಳಿ ಹಾಳೆಯಲ್ಲಿ ಅದೇ ವಿವರ ಬರೆದರೂ ನಡೆಯುತ್ತದೆ. ನಾವು ಬರೆಯುವುದು ಹೀಗೆ:

‘2023-24ನೇ ಸಾಲಿನಲ್ಲಿ ನಮ್ಮ ಗ್ರಾಮದ ಹಾಲಿನ ಡೇರಿಯಿಂದ ಆಂಜನೇಯ ದೇವಸ್ಥಾನದವರೆಗೆ ಮಾಡಿದ ಸಿ.ಸಿ. ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಬಿಲ್ಲು ಮತ್ತು ವೋಚರುಗಳು, ಕಾಮಗಾರಿಯ ಫೋಟೋಗಳು, ಇವುಗಳ ದೃಢೀಕೃತ ನಕಲು ಕೊಡಿ. ಈ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ಮತ್ತು ಸಮಯ ತಿಳಿಸಿ.’

ಇಷ್ಟೇ ಸಾಕು. ‘ನಿಮಗೆ ಇದು ಯಾಕೆ ಬೇಕು?’ ಅಂತ ಯಾರಾದರೂ ಕೇಳಿದರೆ ಹೇಳಬೇಕಾಗಿಲ್ಲ. ಕಲಂ 6(2) ಆ ಪ್ರಶ್ನೆಗೇ ಜಾಗ ಕೊಟ್ಟಿಲ್ಲ.

ಈ ಪಟ್ಟಿಯಲ್ಲಿ ಏನನ್ನು ಬಿಟ್ಟರೂ ಅಳತೆ ಪುಸ್ತಕ ಬಿಡಬೇಡಿ. ಕಚೇರಿಯವರು ಅದನ್ನು ‘ಎಂ.ಬಿ.’ ಅನ್ನುತ್ತಾರೆ. ಇಂಜಿನಿಯರು ಕೆಲಸ ಅಳೆದು ಉದ್ದ, ಅಗಲ, ದಪ್ಪ ಬರೆದು ಸಹಿ ಹಾಕುವುದು ಅದರಲ್ಲೇ. ಬಿಲ್ಲು ಆಗುವುದೂ ಅದರ ಮೇಲೆಯೇ. ವೋಚರಿನಲ್ಲಿ ಬರೀ ದುಡ್ಡು ಕಾಣುತ್ತದೆ. ಎಂ.ಬಿ.ಯಲ್ಲಿ ರಸ್ತೆ ಕಾಣುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಲಂ 2(ಜೆ) ಪ್ರಕಾರ ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಮಗಿದೆ. ಕಾಂಕ್ರೀಟಿನ ಸ್ಯಾಂಪಲ್ ಅನ್ನೇ ಕೇಳಬಹುದು. ಮೊದಲನೇ ಅರ್ಜಿಯಲ್ಲೇ ಅದನ್ನು ಹಾಕೋದು ಬೇಡ. ಕಾಗದ ಬಂದ ಮೇಲೆ ಅನುಮಾನ ಉಳಿದರೆ ಆಗ ಪ್ರತ್ಯೇಕ ಅರ್ಜಿ ಹಾಕಿ.

ಕೂಲಿಕಾರರ ಅಥವಾ ಫಲಾನುಭವಿಗಳ ವಿವರ ಕೇಳುವವರು ಸ್ವಲ್ಪ ಹುಷಾರಾಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬದಲಾಯಿಸಿದೆ. ಸಾರ್ವಜನಿಕ ಹಿತ ಇದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು ಅನ್ನುವ ಮಾತು ಮೊದಲು ಆ ಕಲಮಿನಲ್ಲೇ ಇತ್ತು, ಅದನ್ನು ತೆಗೆದರು. 8(2)ರಲ್ಲಿ ಹೆಚ್ಚುಕಡಿಮೆ ಅಂಥದ್ದೇ ಮಾತು ಇನ್ನೂ ಉಳಿದಿದೆ, ಅದನ್ನು ಅರ್ಜಿಯಲ್ಲಿ ನಮೂದಿಸಿ. ಹೆಸರು ಕೊಡೋಕೆ ಆಗಲ್ಲ ಅಂದರೆ ಕಲಂ 10ರ ಪ್ರಕಾರ ಹೆಸರು ಮರೆಮಾಡಿ ಉಳಿದದ್ದು ಕೊಡಿ ಅನ್ನಿ. ಕೊಡಲು ಮನಸ್ಸಿಲ್ಲದವರಿಗೆ ಈ ಬದಲಾವಣೆಯಿಂದ ಒಂದು ಒಳ್ಳೆಯ ನೆಪ ಸಿಕ್ಕಿತು ಅನ್ನೋದು ನನ್ನ ಅಭಿಪ್ರಾಯ. ಹಾಗಾಗಿ ವ್ಯಕ್ತಿಗಳ ಬದಲು ಕಾಮಗಾರಿಯ ಬಗ್ಗೆ ಕೇಳಿದಷ್ಟೂ ಒಳ್ಳೆಯದು.

ದುಡ್ಡು ಮತ್ತು ಅಂಚೆ

ಇದು ನನ್ನ ವಿಷಯ, ಸ್ವಲ್ಪ ಕೊರೆಯುತ್ತೇನೆ. ಶುಲ್ಕ 10 ರೂಪಾಯಿ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಅದರ ಜೆರಾಕ್ಸ್ ಲಗತ್ತಿಸಿ, ಶುಲ್ಕ ಇಲ್ಲ. ಪೋಸ್ಟಲ್ ಆರ್ಡರ್ ತಗೊಂಡರೆ ಯಾರಿಗೆ ಪಾವತಿ ಅನ್ನುವ ಜಾಗ ಖಾಲಿ ಬಿಡಬೇಡಿ. ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಅಂತ ಬರೆದು, ಪಂಚಾಯಿತಿ ಹೆಸರು ಸೇರಿಸಿ. ಆರ್ಡರಿನ ನಂಬರು, ತಾರೀಖು ಎರಡನ್ನೂ ಅರ್ಜಿಯ ಮೈಮೇಲೆ ಬರೆಯಿರಿ. ‘ಶುಲ್ಕ ಬಂದಿಲ್ಲ’ ಅನ್ನುವ ಹಿಂಬರಹಕ್ಕೆ ಅದೊಂದೇ ಉತ್ತರ. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿಯದ್ದು ಎಷ್ಟೋ ಸಲ ಇರುವುದಿಲ್ಲ. ಪೇಟೆಗೆ ಹೋದಾಗ ನಾಲ್ಕೈದು ತಂದಿಟ್ಟುಕೊಳ್ಳಿ.

ರಿಜಿಸ್ಟರ್ಡ್ ಪೋಸ್ಟ್ ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಅರ್ಜಿಯ ನಕಲಿಗೆ ಪಿನ್ ಹೊಡೆಯಿರಿ. ಒಂದು ವಾರ ಬಿಟ್ಟು ಟ್ರ್ಯಾಕಿಂಗ್ ನೋಡಿ, ತಲುಪಿದ ದಿನ ತೋರಿಸುವ ಪುಟದ ಪ್ರಿಂಟ್ ತೆಗೆದಿಡಿ. ಅವರು ಉತ್ತರ ಕೊಡಬೇಕಾದ 30 ದಿನ ಶುರುವಾಗುವುದು ಆ ತಾರೀಖಿನಿಂದ. ಖುದ್ದಾಗಿ ಕೊಡುವುದಾದರೆ ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ.

ಕಾಯುವುದು

ಗ್ರಾಮ ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ಅಂದರೆ ಪಿ.ಡಿ.ಓ. (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಅವರು 30 ದಿನದೊಳಗೆ ಉತ್ತರ ಕೊಡಬೇಕು. ನಡುವೆ ‘ಇಷ್ಟು ಪುಟ, ಪುಟಕ್ಕೆ 2 ರೂಪಾಯಿ, ಕಟ್ಟಿ’ ಅಂತ ಪತ್ರ ಬಂದರೆ ಬೇಗ ಕಟ್ಟಿಬಿಡಿ. ಪತ್ರ ಹೊರಟ ದಿನದಿಂದ ನೀವು ಕಟ್ಟುವ ದಿನದವರೆಗಿನ ಸಮಯ 30ರ ಲೆಕ್ಕಕ್ಕೆ ಬರುವುದಿಲ್ಲ. ಗಡುವು ಮೀರಿದರೆ ಕಲಂ 7(6)ರಂತೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು.

ಉತ್ತರ ಬರದಿದ್ದರೆ ಜಗಳಕ್ಕೆ ಹೋಗಬೇಡಿ. ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಪಂಚಾಯಿತಿ ಮಟ್ಟದಲ್ಲಿ ಅದು ತಾಲ್ಲೂಕು ಪಂಚಾಯಿತಿಯ ಇ.ಓ. (ಕಾರ್ಯನಿರ್ವಾಹಕ ಅಧಿಕಾರಿ) ಹತ್ತಿರ ಹೋಗುತ್ತದೆ. ನಮ್ಮ ಅನುಭವದಲ್ಲಿ ಈ ಮೇಲ್ಮನವಿ ತಲುಪಿದ ಮೇಲೆಯೇ ಕಡತ ಅಲುಗಾಡುವುದು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಅಧಿಕಾರಿಗೆ ದಂಡ ಹಾಕಬಹುದು. ಆದರೆ ಅಲ್ಲಿ ಕೇಸು ಬರುವಷ್ಟರಲ್ಲಿ ವರ್ಷ ದಾಟುವುದೂ ಉಂಟು. ರಸ್ತೆ ಅಷ್ಟು ದಿನ ಉಳಿಯಬೇಕಲ್ವಾ!

ಕಾಗದ ಬಂದ ಮೇಲೆ

ಹೆಚ್ಚಿನವರು ಇಲ್ಲೇ ನಿಂತುಬಿಡುತ್ತಾರೆ. ಫೈಲಿಗೆ ಹಾಕಿ ಬೀರುವಿನಲ್ಲಿ ಇಡುತ್ತಾರೆ. ಹಾಗೆ ಮಾಡಿದರೆ ಅರ್ಜಿ ಹಾಕಿದ್ದು ಸುಮ್ನೆ ದಂಡ.

ಒಂದು ಟೇಪು ತಗೊಳ್ಳಿ. ಬೀದಿಯ ನಾಲ್ಕಾರು ಜನರನ್ನು, ಮುಖ್ಯವಾಗಿ ಸಂಘದ ಹೆಂಗಸರನ್ನು ಕರೆಯಿರಿ. ಎಂ.ಬಿ.ಯಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಅಂತಿದೆ ಅಂದುಕೊಳ್ಳಿ. ಗುಣಿಸಿದರೆ 45 ಘನ ಮೀಟರ್ ಕಾಂಕ್ರೀಟ್. ಉದ್ದ, ಅಗಲ ಸಾಮಾನ್ಯವಾಗಿ ಸರಿ ಇರುತ್ತದೆ, ಯಾಕಂದರೆ ಅದು ಕಣ್ಣಿಗೆ ಬೀಳುತ್ತದೆ. ದಪ್ಪ ನೋಡಬೇಕಾದರೆ ರಸ್ತೆಯ ಅಂಚಿನಲ್ಲಿ ಮಣ್ಣು ಸರಿಸಿ. ಅಂಚು ಮಾತ್ರ ದಪ್ಪ ಮಾಡಿ ನಡುವೆ ತೆಳು ಹಾಕುವ ಜಾಣರೂ ಇದ್ದಾರೆ. ನಲ್ಲಿ ಪೈಪಿಗೆ ಅಂತ ರಸ್ತೆ ಅಗೆದ ಜಾಗ ಇದ್ದರೆ ಅಲ್ಲೂ ಅಳೆಯಿರಿ. ಎಲ್ಲ ಕಡೆ 10 ಸೆಂಟಿಮೀಟರ್ ಬಂದರೆ ಬಿದ್ದದ್ದು 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ಕಾಂಕ್ರೀಟ್ ಬರೀ ಪುಸ್ತಕದಲ್ಲಿದೆ ಅಂತಾಯಿತು. ಟೇಪು ಹಿಡಿದ ಫೋಟೋ ತೆಗೆದಿಡಿ.

ಇದನ್ನು ಒಬ್ಬರೇ ಹೋಗಿ ಅಧ್ಯಕ್ಷರ ಮುಂದೆ ಹೇಳಬೇಡಿ. ಊರ ಮುಂದೆ ಓದಿ. ಈ ದಾರಿ ತೋರಿಸಿದವರು ರಾಜಸ್ಥಾನದ ಕೂಲಿಕಾರರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಅಲ್ಲಿನ ಹಳ್ಳಿಯವರು 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. 1994ರಲ್ಲಿ ಕೋಟ್ ಕಿರಾನಾ ಎಂಬಲ್ಲಿ ಜನಸುನವಾಯಿ, ಅಂದರೆ ಜನರ ಬಹಿರಂಗ ವಿಚಾರಣೆ ಶುರು ಮಾಡಿದರು. ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದುವುದು, ಹೆಸರಿದ್ದವರು ಎದ್ದು ನಿಂತು ‘ನಾನು ಆ ಕೆಲಸಕ್ಕೇ ಹೋಗಿಲ್ಲ’ ಅನ್ನುವುದು. ಮಾಹಿತಿ ಹಕ್ಕು ಬೇಕು ಅಂತ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಕರ್ನಾಟಕಕ್ಕೆ 2000ದಲ್ಲೇ ತನ್ನದೊಂದು ಮಾಹಿತಿ ಕಾಯ್ದೆ ಬಂತು, ದೇಶಕ್ಕೆ 2005ರಲ್ಲಿ. ಕೂಲಿ ದುಡ್ಡಿನ ಲೆಕ್ಕ ಕೇಳಿದವರಿಂದ ಕಾನೂನು ಹುಟ್ಟಿತು. ವಕೀಲರು ಬಂದದ್ದು ಆಮೇಲೆ.

ನಮ್ಮಲ್ಲಿ ಅದಕ್ಕೆ ಸರ್ಕಾರವೇ ಕೊಟ್ಟ ವೇದಿಕೆ ಇದೆ, ಜಮಾಬಂದಿ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಪ್ರತಿ ಪಂಚಾಯಿತಿಯಲ್ಲಿ ಹಿಂದಿನ ಸಾಲಿನ ಲೆಕ್ಕ, ಕಾಮಗಾರಿಗಳನ್ನು ಜನರೆದುರು ಪರಿಶೀಲಿಸುವ ಸಭೆ. ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆ. ಕಡತಗಳನ್ನು ಮೇಜಿನ ಮೇಲೆ ಇಡಬೇಕು. ಬಹಳ ಊರುಗಳಲ್ಲಿ ಹತ್ತು ಜನ ಬಂದು, ಉಪ್ಪಿಟ್ಟು ಕಾಫಿ ಮುಗಿಸಿ, ಸಹಿ ಹಾಕಿ ಹೋಗುತ್ತಾರೆ. ಗ್ರಾಮಸಭೆಯ ಕಥೆಯೂ ಅದೇ. ನೀವು ಐವತ್ತು ಜನ ಹೋಗಿ. ಎಂ.ಬಿ.ಯ ಅಂಕಿ, ನಿಮ್ಮ ಟೇಪಿನ ಅಂಕಿ ಎರಡನ್ನೂ ಒಬ್ಬರು ಓದಲಿ, ಮೈಕ್ ಕೊಡದಿದ್ದರೂ ಓದಲಿ. ಭಾಷಣ ಬೇಡ. ‘ಕಳ್ಳರು’ ಅನ್ನುವ ಪದ ಬಾಯಿಗೆ ಬರದ ಹಾಗೆ ನೋಡಿಕೊಳ್ಳಿ. ಆ ಪದ ಬಂದರೆ ಸಭೆ ಮಾನನಷ್ಟದ ಕಡೆ ತಿರುಗುತ್ತದೆ, ರಸ್ತೆ ಮರೆತುಹೋಗುತ್ತದೆ.

ಭಯದ ವಿಷಯ

ನಮ್ಮ ಮೊದಲ ಅರ್ಜಿ ಹೋದ ವಾರದಲ್ಲೇ ಸದಸ್ಯರೊಬ್ಬರು ಟೀ ಅಂಗಡಿ ಹತ್ತಿರ, ‘ಏನಣ್ಣ, ನಮ್ಮ ಮೇಲೇ ಅರ್ಜಿ ಹಾಕಿದೀರಂತೆ?’ ಅಂದರು. ನಗುತ್ತಲೇ ಅಂದರು. ಆಮೇಲಿಂದ ಒಬ್ಬರ ಹೆಸರಿನಲ್ಲಿ ಅರ್ಜಿ ಹಾಕುವುದನ್ನು ಬಿಟ್ಟೆವು. ಒಂದೇ ಕಾಮಗಾರಿಯ ಬೇರೆ ಬೇರೆ ಕಾಗದಗಳನ್ನು ಬೇರೆ ಬೇರೆ ಮನೆಯವರು ಕೇಳುತ್ತಾರೆ. ಆಗ ಯಾರನ್ನು ಅಂತ ಹೆದರಿಸುವುದು?

ಎಲ್ಲ ಕಡೆ ಮಾತು ನಗುವಿನಲ್ಲೇ ಮುಗಿಯುವುದಿಲ್ಲ. 2010ರ ಜನವರಿಯಲ್ಲಿ ಪುಣೆ ಹತ್ತಿರ ಜಮೀನು ಅಕ್ರಮಗಳ ಬೆನ್ನು ಹತ್ತಿದ್ದ ಸತೀಶ್ ಶೆಟ್ಟಿ ಅವರನ್ನು ಕೊಂದರು. ಅದೇ ವರ್ಷ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ವಿರುದ್ಧ ನಿಂತಿದ್ದ ಅಮಿತ್ ಜೇಠ್ವಾ ಅವರನ್ನು ಗುಜರಾತ್ ಹೈಕೋರ್ಟ್ ಸಮೀಪವೇ ಗುಂಡಿಟ್ಟು ಕೊಂದರು. ಮರಳು, ಗಣಿ, ಜಮೀನಿನ ವಿಷಯವಾದರೆ ಒಬ್ಬರೇ ಕೈ ಹಾಕಬೇಡಿ. ಅರ್ಜಿಯ ನಕಲು ಮೂರು ಮನೆಗಳಲ್ಲಿರಲಿ, ಸ್ಥಳೀಯ ಪತ್ರಕರ್ತರೊಬ್ಬರಿಗೂ ಗೊತ್ತಿರಲಿ.

ಜಮಾಬಂದಿಯಲ್ಲಿ ನೀವು ಹೇಳಿದ್ದು ನಡಾವಳಿಯಲ್ಲಿ ಬಂತೋ ಇಲ್ಲವೋ ಅವತ್ತೇ ನೋಡಿ. ‘ಆಮೇಲೆ ಬರ್ಕೋತೀವಿ ಯಜಮಾನ್ರೇ’ ಅಂದರೆ ಒಪ್ಪಬೇಡಿ. ಅಳತೆಯ ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಬರೆದು, ಬಂದವರೆಲ್ಲರ ಸಹಿ ಹಾಕಿಸಿ ಅಧಿಕಾರಿಯ ಕೈಗೇ ಕೊಟ್ಟು ಸ್ವೀಕೃತಿ ತಗೊಳ್ಳಿ. ಒಂದು ಪ್ರತಿ ಇ.ಓ.ಗೆ, ಇನ್ನೊಂದು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿ.ಇ.ಓ.) ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ. ಎರಡು ತಿಂಗಳು ಬಿಟ್ಟು, ಆ ಮನವಿಯ ಮೇಲೆ ಕಡತದಲ್ಲಿ ಆದ ಟಿಪ್ಪಣಿಗಳ ನಕಲು ಕೊಡಿ ಅಂತ ಮತ್ತೊಂದು ಅರ್ಜಿ ಹಾಕಿ, ಮತ್ತೆ ಹತ್ತು ರೂಪಾಯಿ.