ಮೂಗಿನ ಸರ್ಜರಿ ಸರಿಹೋಗಲಿಲ್ವಾ? ಎರಡನೆಯದಕ್ಕೆ ಒಪ್ಪುವ ಮುನ್ನ ಇಷ್ಟು ಮಾಡಿ

ದುಡ್ಡು ಕೊಟ್ಟು, ನೋವು ತಿಂದು ಮೂಗು ತಿದ್ದಿಸಿಕೊಂಡ ಮೇಲೂ ಕನ್ನಡಿ ಮುಂದೆ ಸಮಾಧಾನ ಆಗದವರು ಇದ್ದಾರೆ. ರೈನೋಪ್ಲಾಸ್ಟಿ, ಅಂದರೆ ಮೂಗು ತಿದ್ದುವ ಸರ್ಜರಿ, ಮಾಡಿಸಿಕೊಂಡ ನೂರು ಜನರಲ್ಲಿ 5ರಿಂದ 15 ಮಂದಿಗೆ ಇನ್ನೊಂದು ಸರ್ಜರಿ ಬೇಕಾಗಬಹುದು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಇದಕ್ಕೆ ರಿವಿಷನ್ ರೈನೋಪ್ಲಾಸ್ಟಿ ಅಂತಾರೆ. ಮೊದಲನೆಯದಕ್ಕಿಂತ ಇದು ಕಷ್ಟದ ಕೆಲಸ. ಒಳಗೆ ಗಾಯ ಮಾಗಿ ಗಟ್ಟಿಯಾಗಿರುತ್ತದೆ. ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಟ್ಟಲು ಬೇಕಾದ ಮೆದುಮೂಳೆ, ಅಂದರೆ ಕಾರ್ಟಿಲೇಜ್, ಹಿಂದಿನ ಸಲವೇ ಖರ್ಚಾಗಿರಬಹುದು.

ಹಾಗಾಗಿ ‘ಮತ್ತೆ ಮಾಡಿಸಲಾ, ಬೇಡವಾ’ ಅನ್ನೋ ಪ್ರಶ್ನೆಗೆ ಈಗಲೇ ಉತ್ತರ ಹುಡುಕಬೇಡಿ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

1. ಕ್ಯಾಲೆಂಡರ್ ನೋಡಿ

ಸರ್ಜರಿ ಆಗಿ ಎಷ್ಟು ತಿಂಗಳಾಯಿತು? ಒಂದು ವರ್ಷ ಆಗಿಲ್ಲ ಅಂದರೆ ನೀವು ನೋಡುತ್ತಿರುವುದು ನಿಮ್ಮ ಹೊಸ ಮೂಗಲ್ಲ, ಊದಿಕೊಂಡ ಮೂಗು. ಆಸರೆಗೆ ಅಂತ ಮೂಗಿನ ಮೇಲೆ ಹಾಕಿದ ಗಟ್ಟಿ ಪಟ್ಟಿ, ಅಂದರೆ ಸ್ಪ್ಲಿಂಟ್, ತೆಗೆದ ದಿನ ತುದಿ ದಪ್ಪಗೆ, ಸ್ವಲ್ಪ ಮೇಲಕ್ಕೆ ಎದ್ದಂತೆ ಕಾಣುವುದು ಮಾಮೂಲು. ಮೊದಲ ಕೆಲವು ತಿಂಗಳಲ್ಲಿ ಊತದ ದೊಡ್ಡ ಪಾಲು ಇಳಿಯುತ್ತದೆ. ತುದಿಯ ಊತ ಮಾತ್ರ ಹಟಮಾರಿ. ಚರ್ಮ ದಪ್ಪ ಇರುವವರಿಗೆ ಒಂದೂವರೆ, ಎರಡು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ. ಎಡಕ್ಕೂ ಬಲಕ್ಕೂ ಊತ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೂರನೇ ತಿಂಗಳಲ್ಲಿ ಸೊಟ್ಟಗೆ ಕಂಡ ಮೂಗು ಹತ್ತನೇ ತಿಂಗಳಿಗೆ ನೆಟ್ಟಗಾಗಿರುವುದು ಅಪರೂಪವೇನಲ್ಲ.

ತುದಿಯ ಸ್ವಲ್ಪ ಮೇಲೆ ಉಬ್ಬಿ, ಪಕ್ಕದಿಂದ ಗಿಳಿಮೂಗಿನ ಹಾಗೆ ಕಾಣುತ್ತಿದೆ ಅನ್ನುವುದು ತುಂಬಾ ಜನರ ದೂರು. ಅದು ಊತ ಇರಬಹುದು, ಒಳಗೆ ಬೆಳೆದ ಗಾಯದ ಗಂಟು ಇರಬಹುದು, ತೆಗೆಯದೆ ಉಳಿದ ಮೆದುಮೂಳೆಯೂ ಇರಬಹುದು. ಮೊದಲ ಎರಡಕ್ಕೆ ಕತ್ತಿ ಬೇಡದೇ ಹೋಗಬಹುದು. ರಾತ್ರಿ ಟೇಪ್ ಹಾಕಿಕೊಳ್ಳಲು ಡಾಕ್ಟರ್ ಹೇಳುತ್ತಾರೆ. ಗಂಟಾಗಿದ್ದರೆ ಅದೇ ಜಾಗಕ್ಕೆ ಸ್ವಲ್ಪ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಜಾಸ್ತಿಯಾದರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ. ಅದಕ್ಕೇ ಅಳೆದು ಕೊಡುವುದು.

ಕನಿಷ್ಠ 12 ತಿಂಗಳು ಕಾಯಿರಿ ಅಂತ ಬಹುತೇಕ ಸರ್ಜನ್‌ಗಳು ಹೇಳುವುದು ಸುಮ್ನೆ ಅಲ್ಲ. ಹಸಿ ಗಾಯವನ್ನು ಮತ್ತೆ ಬಿಡಿಸಿದರೆ ರಕ್ತಸ್ರಾವ ಜಾಸ್ತಿ, ಚರ್ಮಕ್ಕೆ ಪೆಟ್ಟು ಬೀಳುವ ಭಯ ಜಾಸ್ತಿ. ಅದಕ್ಕಿಂತ ಮುಖ್ಯವಾಗಿ, ಇನ್ನೂ ಬದಲಾಗುತ್ತಲೇ ಇರುವ ಆಕಾರವನ್ನು ಯಾವ ಅಳತೆಗೆ ಅಂತ ತಿದ್ದುವುದು? ಆರನೇ ತಿಂಗಳಿಗೇ ‘ಬನ್ನಿ, ಮಾಡಿಬಿಡೋಣ’ ಅನ್ನುವವರು ಸಿಕ್ಕರೆ ಕಾರಣ ಕೇಳಿ. ತೃಪ್ತಿಕರ ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ.

2. ಕಾಯಬಾರದ್ದೂ ಕೆಲವಿದೆ

ಒಂದು ವರ್ಷದ ಲೆಕ್ಕ ಆಕಾರಕ್ಕೆ ಮಾತ್ರ. ನಿಲ್ಲದ ರಕ್ತ, ಜ್ವರ, ಕೀವು, ಹರಡುತ್ತಿರುವ ಕೆಂಪು, ಕಪ್ಪಾಗುತ್ತಿರುವ ಚರ್ಮ ಇವಕ್ಕೆಲ್ಲ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮೂಗು ಇದ್ದಕ್ಕಿದ್ದಂತೆ ಪೂರ್ತಿ ಕಟ್ಟಿ ನೋವು ಏರುತ್ತಿದ್ದರೆ ನಡುಗೋಡೆಯಲ್ಲಿ, ಅಂದರೆ ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ಗೋಡೆಯಲ್ಲಿ, ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಬೇಗ ತೆಗೆಯದಿದ್ದರೆ ಮೆದುಮೂಳೆ ಕರಗಿ ಮೂಗಿನ ಬೆನ್ನು ಕುಸಿಯುತ್ತದೆ. ನೀರಿನಂಥ ತಿಳಿ ದ್ರವ ಒಂದೇ ಸಮನೆ ತೊಟ್ಟಿಕ್ಕುತ್ತಾ ತಲೆನೋವೂ ಇದ್ದರೆ ನೆಗಡಿ ಅಂತ ಬಿಡಬೇಡಿ. ಸಿಲಿಕಾನ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಅದರ ಮೇಲಿನ ಚರ್ಮ ಕೆಂಪಾಗಿ ತೆಳುವಾಗುತ್ತಿದ್ದರೆ, ಎಷ್ಟು ವರ್ಷ ಆಗಿದ್ದರೂ, ತಡ ಮಾಡಬಾರದು.

3. ಉಸಿರು ಬೇರೆ, ಆಕಾರ ಬೇರೆ

‘ಚೆನ್ನಾಗಿಲ್ಲ’ ಅನ್ನುವ ಒಂದೇ ಮಾತಿನಲ್ಲಿ ಎರಡು ದೂರು ಸೇರಿಕೊಂಡಿರುತ್ತವೆ. ಅವನ್ನು ಬಿಡಿಸಿ. ಕನ್ನಡಿ ಮುಂದೆ ನಿಂತು ಬಾಯಿ ಮುಚ್ಚಿ ಮೂಗಿನಿಂದ ಜೋರಾಗಿ ಉಸಿರು ಎಳೆದುಕೊಳ್ಳಿ. ಹೊಳ್ಳೆಯ ಪಕ್ಕದ ಗೋಡೆ ಒಳಕ್ಕೆ ಕುಸಿಯುತ್ತಾ? ಈಗ ಮೂಗಿನ ಪಕ್ಕದಲ್ಲಿ ಕೆನ್ನೆಯ ಮೇಲೆ ಎರಡು ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಕಿವಿಯ ಕಡೆ ಎಳೆಯಿರಿ. ಮತ್ತೆ ಉಸಿರು ತಗೊಳ್ಳಿ. ತಟ್ಟನೆ ದಾರಿ ತೆರೆದಂತೆ ಆದರೆ ಸಮಸ್ಯೆ ಮೂಗಿನ ವಾಲ್ವ್‌ನಲ್ಲಿರುವ ಸಾಧ್ಯತೆ ಇದೆ. ಇದಕ್ಕೆ ಕಾಟಲ್ ಟೆಸ್ಟ್ ಅಂತ ಹೆಸರು. ಬೇರೆ ಕಾರಣಗಳಿದ್ದರೂ ಹೀಗೆ ಅನಿಸಬಹುದು. ಇದನ್ನೇ ರೋಗನಿರ್ಣಯ ಅಂದುಕೊಳ್ಳಬೇಡಿ, ಡಾಕ್ಟರಿಗೆ ಹೇಳಲು ಒಂದು ಸುಳಿವು ಅಷ್ಟೇ.

ವಾಲ್ವ್ ಅಂದರೆ ಉಸಿರಿನ ದಾರಿಯ ಅತಿ ಕಿರಿದಾದ ಜಾಗ. ನಡುಗೋಡೆಗೂ ಪಕ್ಕದ ಮೆದುಮೂಳೆಗೂ ನಡುವೆ ಅಲ್ಲಿರುವ ಕೋನ ಬರೀ 10ರಿಂದ 15 ಡಿಗ್ರಿ. ಮೂಗಿನ ಬೆನ್ನಿನ ಉಬ್ಬು ತೆಗೆಯುವಾಗ ಇವೆರಡು ಸೇರುವ ಚಾವಣಿಯೇ ಕತ್ತರಿಸಿ ಹೋಗುತ್ತದೆ. ಮತ್ತೆ ಆಸರೆ ಕೊಡದಿದ್ದರೆ ಪಕ್ಕದ ಮೆದುಮೂಳೆ ಒಳಕ್ಕೆ ಜಾರುತ್ತದೆ. ಆಗ ಉಸಿರೂ ಕಟ್ಟುತ್ತದೆ, ಮೂಗಿನ ನಡುವೆ ತಲೆಕೆಳಗಾದ ‘ವಿ’ ಆಕಾರದ ನೆರಳೂ ಬೀಳುತ್ತದೆ. ಎರಡಕ್ಕೂ ಮದ್ದು ಒಂದೇ: ನಡುಗೋಡೆಯ ಇಕ್ಕೆಲದಲ್ಲಿ ಬೆಂಕಿಕಡ್ಡಿಯಂಥ ತೆಳು ಮೆದುಮೂಳೆ ಪಟ್ಟಿಗಳನ್ನು ಸೇರಿಸಿ ದಾರಿ ಅಗಲ ಮಾಡುವುದು. ಸ್ಪ್ರೆಡರ್ ಗ್ರಾಫ್ಟ್ ಎನ್ನುವ ಈ ವಿಧಾನವನ್ನು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಜ್ಯಾಕ್ ಶೀನ್ 1984ರಲ್ಲಿ ವಿವರಿಸಿದರು. ಇವತ್ತಿಗೂ ರಿವಿಷನ್‌ನಲ್ಲಿ ಇದು ದಿನನಿತ್ಯದ ಕೆಲಸ.

ಉಸಿರಾಡುವಾಗ ಶಿಳ್ಳೆ ಸದ್ದು, ಒಳಗೆ ಹಕ್ಕಳೆ, ಆಗಾಗ ರಕ್ತ ಬರುತ್ತಿದ್ದರೆ ನಡುಗೋಡೆಯಲ್ಲಿ ತೂತು ಬಿದ್ದಿರಬಹುದು. ಅದು ಕನ್ನಡಿಯಲ್ಲಿ ಕಾಣಲ್ಲ, ಮೂಗಿನೊಳಗೆ ನೋಡಿಸಬೇಕು. ಅಲರ್ಜಿಯಿಂದ ಮೂಗು ಕಟ್ಟುವವರೂ ಇದ್ದಾರೆ. ಅವರಿಗೆ ಬೇಕಾದ್ದು ಸ್ಪ್ರೇ, ಸರ್ಜರಿ ಅಲ್ಲ.

4. ಸೆಲ್ಫಿ ಬಿಡಿ, ಫೋಟೊ ತೆಗೆಸಿ

ಕೈ ಅಳತೆಯ ದೂರದ ಸೆಲ್ಫಿ ಮೂಗಿನ ಬಗ್ಗೆ ಸುಳ್ಳು ಹೇಳುತ್ತದೆ. 2018ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಒಂದೂವರೆ ಮೀಟರ್ ದೂರದ ಫೋಟೊಗಿಂತ ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಬೇರೆಯವರ ಕೈಗೆ ಫೋನ್ ಕೊಟ್ಟು ಒಂದೂವರೆ ಮೀಟರ್ ಆಚೆ ನಿಲ್ಲಿಸಿ. ಎದುರಿನಿಂದ, ಎರಡೂ ಪಕ್ಕದಿಂದ, ಅರೆ ಓರೆಯಿಂದ, ಮುಖ ಎತ್ತಿ ಕೆಳಗಿನಿಂದ. ಬೆಳಕು ಒಂದೇ ರೀತಿ ಇರಲಿ. ಮೂರು ತಿಂಗಳಿಗೊಮ್ಮೆ ಹೀಗೆ ತೆಗೆದಿಟ್ಟರೆ ಊತ ಇಳಿಯುತ್ತಿದೆಯಾ ಅನ್ನೋದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ದೂರುಗಳನ್ನು ಬರೆಯಿರಿ. ಮೂರಕ್ಕಿಂತ ಜಾಸ್ತಿ ಬೇಡ. ‘ನನಗೆ ಇಷ್ಟ ಆಗ್ತಿಲ್ಲ’ ಅಂದರೆ ಯಾವ ಸರ್ಜನ್ನೂ ಏನೂ ಮಾಡಲಾರರು. ‘ಎಡಗಡೆ ಹೊಳ್ಳೆಯ ಅಂಚು ಮೇಲೆ ಸರಿದಿದೆ’ ಅಂದರೆ ಮಾತು ಮುಂದುವರಿಯುತ್ತದೆ. ಬೇರೆಯವರ ಕಣ್ಣಿಗೆ ಬೀಳದ ಅರ್ಧ ಮಿಲಿಮೀಟರ್ ಓರೆಗಾಗಿ ಪೂರ್ತಿ ಅರಿವಳಿಕೆ ತಗೊಂಡು ಮಲಗುವುದು ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಾಗುತ್ತದೆ. ಇನ್ನೊಂದು ಮಾತು. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುತ್ತಾ, ಮೂಗಿನ ಯೋಚನೆಯಲ್ಲೇ ಜನರನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದರೆ, ಮೊದಲು ಮನೋವೈದ್ಯರನ್ನು ಕಾಣಿ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುವ ತೊಂದರೆ ಇದ್ದರೆ ಎಷ್ಟು ಸಲ ತಿದ್ದಿಸಿದರೂ ಸಮಾಧಾನ ಸಿಗುವುದು ಅಪರೂಪ. ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ, ಅದು ಕೆಲಸವನ್ನೂ ಮಾಡುತ್ತದೆ.

5. ಹಳೆಯ ಆಪರೇಷನ್ ನೋಟ್ ಕೇಳಿ ಪಡೆಯಿರಿ

ಏನು ತೆಗೆದರು, ಏನು ಸೇರಿಸಿದರು, ನಡುಗೋಡೆ ಮುಟ್ಟಿದ್ದಾರಾ ಎಂಬುದೆಲ್ಲ ಅದರಲ್ಲಿರುತ್ತದೆ. ಕೇಳಲು ಮುಜುಗರ ಬೇಡ. ಅದೇ ಡಾಕ್ಟರ ಹತ್ತಿರ ಹೋಗಬೇಕಾ? ಅವರು ನಿಮ್ಮ ದೂರನ್ನು ಸಿಟ್ಟಿಲ್ಲದೆ ಕೇಳಿ, ಏನಾಗಿದೆ ಅಂತ ನೇರವಾಗಿ ಹೇಳುವವರಾದರೆ ಹೋಗಬಹುದು. ಹಾಗಿದ್ದರೂ ರಿವಿಷನ್ನೇ ಹೆಚ್ಚಾಗಿ ಮಾಡುವ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ.

6. ಮೆದುಮೂಳೆ ಎಲ್ಲಿಂದ?

ಜನ ಅತಿ ಹೆಚ್ಚು ಹೆದರುವುದು ಇಲ್ಲಿ. ಮೊದಲ ಆಯ್ಕೆ ನಡುಗೋಡೆ. ನೇರ, ಗಟ್ಟಿ, ಹೊರಗೆ ಗಾಯ ಇಲ್ಲ. ಆದರೆ ಮೂಗು ಕುಸಿಯದಿರಲು ಮೇಲೂ ಮುಂದೂ ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಉಳಿಸಲೇಬೇಕು. ಹಿಂದಿನ ಸರ್ಜರಿಯಲ್ಲಿ ಉಳಿದದ್ದು ಅಷ್ಟೇ ಆಗಿದ್ದರೆ ಮುಟ್ಟುವ ಹಾಗಿಲ್ಲ.

ಆಮೇಲೆ ಕಿವಿ. ಕಿವಿಯ ಬಟ್ಟಲಿನಂಥ ಭಾಗದಿಂದ ತೆಗೆಯುತ್ತಾರೆ. ಕಿವಿಯ ಆಕಾರ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ, ಕೇಳಿಸುವುದಕ್ಕೂ ತೊಂದರೆ ಇಲ್ಲ. ಈ ಮೆದುಮೂಳೆ ಬಾಗಿರುತ್ತದೆ, ಮೆತ್ತಗಿರುತ್ತದೆ. ಹೊಳ್ಳೆಯ ಅಂಚಿಗೆ, ತುದಿಗೆ ಚೆನ್ನ. ಕುಸಿದ ಮೂಗನ್ನು ಎತ್ತಿ ನಿಲ್ಲಿಸುವ ತಾಕತ್ತು ಅದಕ್ಕಿಲ್ಲ.

ಆಗ ಬರುವುದು ಪಕ್ಕೆಲುಬು. ಎಲುಬು ಮುರಿಯುತ್ತಾರಾ ಅಂತ ಕೇಳುವವರೇ ಎಲ್ಲ. ಇಲ್ಲ. ಪಕ್ಕೆಲುಬಿನ ಮುಂದಿನ ತುದಿ ಮೂಳೆಯಲ್ಲ, ಮೆದುಮೂಳೆ. ಎದೆಯ ಕೆಳಗೆ ಕೆಲವು ಸೆಂಟಿಮೀಟರ್ ಕೊಯ್ದು ಅದರ ತುಂಡನ್ನಷ್ಟೇ ತೆಗೆಯುತ್ತಾರೆ. ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಕೆಮ್ಮಿದರೆ ನಕ್ಕರೆ ನೋವು. ಬಹಳ ಅಪರೂಪಕ್ಕೆ ಶ್ವಾಸಕೋಶದ ಹೊದಿಕೆಗೆ ಗಾಯ ಆಗಬಹುದು. ಮೂಗಿನೊಳಗೆ ಹೋದ ಮೇಲೆ ಪಟ್ಟಿ ಬಾಗುವ ಗುಣವೂ ಇದೆ. ವಯಸ್ಸಾದವರಲ್ಲಿ ಅದು ಸುಣ್ಣಗಟ್ಟಿ ಕೆತ್ತಲು ಬಾರದಂತಾಗಿರುತ್ತದೆ. ದಾನಿಗಳಿಂದ ಪಡೆದು ಸಂಸ್ಕರಿಸಿದ ಪಕ್ಕೆಲುಬೂ ಸಿಗುತ್ತದೆ. ಎದೆಯ ಗಾಯ ತಪ್ಪುತ್ತದೆ, ಆದರೆ ಕಾಲಕ್ರಮೇಣ ಸ್ವಲ್ಪ ಕರಗಬಹುದು.

ಸಿಲಿಕಾನ್‌ನಂಥ ಇಂಪ್ಲಾಂಟ್‌ಗೆ ಬೇರೆ ಕಡೆ ಕೊಯ್ಯಬೇಕಿಲ್ಲ. ಆದರೆ ಸೋಂಕು ತಗಲುವ, ಜರುಗುವ, ಚರ್ಮ ಸೀಳಿ ಹೊರಬರುವ ಭಯ ಇದ್ದೇ ಇದೆ. ಒಮ್ಮೆ ಕೊಯ್ದ, ಗಾಯದಿಂದ ತೆಳುವಾದ ಚರ್ಮದ ಕೆಳಗೆ ಆ ಭಯ ಇನ್ನೂ ಜಾಸ್ತಿ. ನನ್ನ ಓಟು ಸ್ವಂತ ಮೆದುಮೂಳೆಗೇ.

7. ‘ಫಿಲ್ಲರ್ ಹಾಕಿಸಿದರೆ ಸಾಕಲ್ವಾ?’

ಸಣ್ಣ ಗುಳಿಗೆ ಹಯಲುರಾನಿಕ್ ಆಸಿಡ್ ಫಿಲ್ಲರ್, ಅಂದರೆ ಚರ್ಮದಡಿ ಚುಚ್ಚಿ ತುಂಬುವ ಜೆಲ್, ಹಾಕುವುದುಂಟು. ಕೆಲವು ತಿಂಗಳು ನಿಲ್ಲುತ್ತದೆ. ಅದು ಏನನ್ನೂ ಚಿಕ್ಕದು ಮಾಡಲ್ಲ, ಉಸಿರನ್ನೂ ಸರಿಮಾಡಲ್ಲ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸತ್ತುಹೋಗಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಸರ್ಜರಿ ಆದ ಮೂಗಿನಲ್ಲಿ ರಕ್ತನಾಳಗಳ ದಾರಿ ಬದಲಾಗಿರುವುದರಿಂದ ಈ ಅಪಾಯ ಜಾಸ್ತಿ. ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸುವ ಮಾತು ಬೇಡವೇ ಬೇಡ.

8. ತಯಾರಿ, ಮತ್ತು ಆಮೇಲೆ

ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಿ. ನಿಕೋಟಿನ್ ಚರ್ಮಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ, ವೇಪ್ ಮಾಡಿದರೂ ಅಷ್ಟೇ. ಆಸ್ಪಿರಿನ್, ಐಬುಪ್ರೊಫೆನ್, ವಿಟಮಿನ್ ಇ, ಮೀನೆಣ್ಣೆ ಮಾತ್ರೆಗಳ ಬಗ್ಗೆ ಮೊದಲೇ ಹೇಳಿ. ಹೃದಯಕ್ಕೆ ಅಂತ ಕೊಟ್ಟ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ.

ಸರ್ಜರಿ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯಲ್ಲೇ, ಹಲವು ಗಂಟೆಯ ಕೆಲಸ. ಹೊಳ್ಳೆಗಳ ನಡುವೆ ಹಳೆಯ ಗೆರೆ ಇದ್ದರೆ ಹೆಚ್ಚಾಗಿ ಅಲ್ಲೇ ಕೊಯ್ಯುತ್ತಾರೆ. ಸ್ಪ್ಲಿಂಟ್ ಸುಮಾರು ಒಂದು ವಾರ. ಕಣ್ಣಿನ ಕೆಳಗಿನ ನೀಲಿ ಎರಡು ವಾರದಲ್ಲಿ ಮಾಯ. ಅಷ್ಟು ದಿನ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಿ. ಕನ್ನಡಕ ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಕೂರಬಾರದು, ಹಣೆಗೆ ಟೇಪ್ ಹಾಕಿ ತೂಗುಬಿಡಬಹುದು. ತುದಿ ಮರಗಟ್ಟಿದಂತೆ ಇರುವುದು ತಿಂಗಳುಗಟ್ಟಲೆ ಇರಬಹುದು. ಊತ ಈ ಸಲ ಇನ್ನೂ ನಿಧಾನ.

ಮತ್ತೆ ಕೆಟ್ಟರೆ? ಮೂರನೇ ಸಲವೂ ಮಾಡುತ್ತಾರೆ, ಆದರೆ ಪ್ರತಿ ಸಲವೂ ಚರ್ಮ ಬಿಗಿಯಾಗುತ್ತದೆ, ಮೆದುಮೂಳೆ ಕಡಿಮೆಯಾಗುತ್ತದೆ. ಆದ್ದರಿಂದ ಎರಡನೆಯದಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ: ಇದರಲ್ಲಿ ಯಾವುದು ಖಂಡಿತ ಸುಧಾರಿಸುತ್ತದೆ, ಯಾವುದು ಹೀಗೇ ಉಳಿಯುತ್ತದೆ, ಸಣ್ಣ ತಿದ್ದುಪಡಿ ಬೇಕಾದರೆ ಸರ್ಜನ್, ಅರಿವಳಿಕೆ, ಥಿಯೇಟರ್ ಖರ್ಚು ಯಾರದು? ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ಳಿ.